ಕಪ್ಪು ಕನ್ನಡಕದ ಬಡಾಯಿಕೋರ: ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಬರೆಯುವಾಗ 'ಡ್ಯೂಕ್ ನ್ಯೂಕೆಮ್‌ನಷ್ಟು ಜಂಬದ ನಾಯಕ ಇನ್ನೊಬ್ಬನಿಲ್ಲ, ಅವನಷ್ಟು ಕೆಟ್ಟು ಕೂತವನೂ ಇನ್ನೊಬ್ಬನಿಲ್ಲ' ಅಂತ ಒಂದು ಸಾಲು ಗೀಚಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಬೈದವರಿದ್ದಾರೆ, 'ಯಾರಪ್ಪಾ ಇವನು?' ಅಂದವರೂ ಇದ್ದಾರೆ. ಈ ಸಲ ಅಂಕಣ ಪೂರ್ತಿ ಅವನಿಗೇ.

ಪ್ರಶ್ನೆ: ಸರ್, ನಾನು ಈ ಆಟ ಆಡಿಲ್ಲ. ಎಲ್ಲರೂ ಹೆಸರು ಹೇಳುತ್ತಾರೆ. ಯಾರು ಈ ಡ್ಯೂಕ್? ಎಲ್ಲಿಂದ ಶುರು ಮಾಡಲಿ? (ಪದವಿ ವಿದ್ಯಾರ್ಥಿ)

1991ರಲ್ಲಿ ಅಮೆರಿಕದ ಅಪೋಜಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ ಡಾಸ್ ಕಂಪ್ಯೂಟರ್‌ಗೆ ಒಂದು ಆಟ ತಂದಿತು. ಪಕ್ಕದಿಂದ ನೋಡುವ ಆಟ. ಜಿಗಿಯುವುದು, ಸುಡುವುದು, ಮುಂದೆ ಹೋಗುವುದು. ಪರದೆಯ ಮೇಲೆ ಇದ್ದದ್ದೇ ಹದಿನಾರು ಬಣ್ಣ. ನಾಯಕನ ಮೈಮೇಲೆ ಗುಲಾಬಿ ಬನಿಯನ್. ಕಪ್ಪು ಕನ್ನಡಕ ಇರಲಿಲ್ಲ, ಸಿಗಾರ್ ಇರಲಿಲ್ಲ, ದನಿ ಮೊದಲೇ ಇರಲಿಲ್ಲ. ಡಾಕ್ಟರ್ ಪ್ರೋಟಾನ್ ಎಂಬ ತಲೆಕೆಟ್ಟ ವಿಜ್ಞಾನಿಯನ್ನು ಹಿಡಿಯುವುದು ಕೆಲಸ. ಮೊದಲ ಭಾಗ ಉಚಿತ, ಯಾರು ಯಾರಿಗೆ ಬೇಕಾದರೂ ಪ್ರತಿ ಮಾಡಿ ಕೊಡಬಹುದು; ಉಳಿದೆರಡು ಬೇಕೆಂದರೆ ಹಣ ಕಳಿಸಬೇಕು. ಶೇರ್‌ವೇರ್ ಎನ್ನುತ್ತಿದ್ದೆವಲ್ಲ, ಅದು.

1993ರ ಎರಡನೇ ಆಟದಲ್ಲಿ ಜಂಬ ಮೊಳಕೆಯೊಡೆಯಿತು. 'ನಾನೇಕೆ ಇಷ್ಟು ಶ್ರೇಷ್ಠ' ಎಂಬರ್ಥದ ಹೆಸರಿನ ಆತ್ಮಕಥೆಯ ಪ್ರಚಾರಕ್ಕೆ ಟೀವಿಯಲ್ಲಿ ಕೂತಿದ್ದಾಗಲೇ ಅನ್ಯಗ್ರಹದವರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ನೀವು ಕೇಳಿರುವ ಡ್ಯೂಕ್ ಹುಟ್ಟಿದ್ದು ಮಾತ್ರ 1996ರ 'ಡ್ಯೂಕ್ ನ್ಯೂಕೆಮ್ 3ಡಿ'ಯಲ್ಲಿ. ಕೆಂಪು ಬನಿಯನ್, ಕಪ್ಪು ಕನ್ನಡಕ, ಬಾವಿಯೊಳಗಿಂದ ಬಂದಂಥ ದನಿ. ಶುರು ಮಾಡುವುದಾದರೆ ಅದರಿಂದಲೇ ಮಾಡಿ. ಮೊದಲೆರಡು ಇತಿಹಾಸದ ಆಸಕ್ತಿ ಇದ್ದವರಿಗೆ.

ಪ್ರಶ್ನೆ: ನನ್ನ ಹಳೆಯ ಪ್ರತಿಯಲ್ಲಿ ಹೆಸರು 'ನ್ಯೂಕಮ್' ಎಂದಿದೆ. ನಕಲಿ ಮಾಲೇ? (ಹಳೆಯ ಫ್ಲಾಪಿ ಕಾಯ್ದಿಟ್ಟವರು)

ಅಲ್ಲ, ಜೋಪಾನವಾಗಿಡಿ. 'ಕ್ಯಾಪ್ಟನ್ ಪ್ಲಾನೆಟ್' ಎಂಬ ಟೀವಿ ಕಾರ್ಟೂನಿನಲ್ಲಿ ಡ್ಯೂಕ್ ನ್ಯೂಕೆಮ್ ಎಂಬ ಹೆಸರಿನದೇ ಒಬ್ಬ ಖಳನಿದ್ದ. ತಕರಾರು ಬಂದೀತೆಂದು ಅಪೋಜಿಯವರು ಒಂದಕ್ಷರ ತಿರುಚಿದರು. ಆಮೇಲೆ ನೋಡಿದರೆ ಆ ಕಾರ್ಟೂನಿನವರು ಹೆಸರನ್ನು ನೋಂದಾಯಿಸಿಯೇ ಇರಲಿಲ್ಲ. ಎರಡನೇ ಆಟದಲ್ಲಿ ಹಳೆಯ ಹೆಸರು ವಾಪಸ್.

ಪ್ರಶ್ನೆ: ಗೋಡೆಯ ಹಿಂದೆ ಶತ್ರು, ಕೈಯಲ್ಲಿ ಬಂದೂಕು. ಆ ಕಾಲದಲ್ಲಿ ಇಂಥ ಆಟ ಹತ್ತಾರಿದ್ದವು. ಡ್ಯೂಕ್‌ನಲ್ಲಿ ಬಾಯಿ ಬಡಾಯಿ ಬಿಟ್ಟರೆ ಹೆಚ್ಚಿಗೆ ಏನಿತ್ತು? ನೀವು ಹಳೆಯದನ್ನೆಲ್ಲ ಹೊಗಳುವವರ ಪೈಕಿ ಅಂತ ನನಗೆ ಗುಮಾನಿ. (ಒಬ್ಬ ಶಿಕ್ಷಕರು)

ಗುಮಾನಿ ಸರಿ ಮೇಷ್ಟ್ರೇ. ಆದರೂ ಒಂದು ಬಚ್ಚಲುಮನೆ ತೋರಿಸುತ್ತೇನೆ, ಬನ್ನಿ.

ಮೊದಲ ಲೆವೆಲ್. ಲಾಸ್ ಏಂಜಲೀಸ್‌ನ ಒಂದು ಕಟ್ಟಡದ ತಾರಸಿಯ ಮೇಲೆ ಇಳಿಯುತ್ತೀರಿ. ನಿಮ್ಮ ವಿಮಾನವನ್ನು ಅನ್ಯಗ್ರಹದವರು ಹೊಡೆದುರುಳಿಸಿದ್ದಾರೆ. ತಾರಸಿಯ ಗಾಳಿ ಕೊಳವೆ ಒಡೆದು ಬೀದಿಗೆ ಹಾರಿದರೆ ಎದುರಿಗೆ ಸಿನಿಮಾ ಮಂದಿರ. ಒಳಗೆ ಶೌಚಾಲಯ. ಬಾಗಿಲು ತೆಗೆದರೆ ಕಮೋಡಿನ ಮೇಲೆ ಒಬ್ಬ ಅನ್ಯಗ್ರಹದ ಸೈನಿಕ ಆರಾಮಾಗಿ ಕೂತಿದ್ದಾನೆ! ಅವನನ್ನು ಮುಗಿಸಿ ನೀವು ಅಲ್ಲೇ ನಿಂತು ಸ್ಪೇಸ್ ಕೀ ಒತ್ತಿದರೆ ಡ್ಯೂಕ್ ಮೂತ್ರ ಮಾಡುತ್ತಾನೆ, ಹಾಯೆನಿಸಿತು ಎಂದು ಉಸಿರು ಬಿಡುತ್ತಾನೆ, ಅವನ ಆರೋಗ್ಯ ಹತ್ತು ಅಂಕ ಏರುತ್ತದೆ. ಕಮೋಡಿಗೆ ಗುಂಡು ಹೊಡೆದರೆ ಒಡೆದು ನೀರು ಚಿಮ್ಮುತ್ತದೆ. ಆ ನೀರನ್ನು ಕುಡಿಯಬಹುದು. ಗುಟುಕಿಗೆ ಒಂದು ಅಂಕ. (ಎಲ್ಲಿಯ ನೀರು ಅಂತ ಯೋಚಿಸಬೇಡಿ, ಅವನೂ ಯೋಚಿಸುವುದಿಲ್ಲ.) ಗೋಡೆಯಲ್ಲಿ ಕನ್ನಡಿ. ಎದುರು ನಿಂತು ಸ್ಪೇಸ್ ಒತ್ತಿದರೆ ತನ್ನ ರೂಪ ನೋಡಿ ತಾನೇ ಮೆಚ್ಚಿ ಒಂದು ಮಾತು ಬಿಡುತ್ತಾನೆ. ಮೇಲಿನ ಪ್ರೊಜೆಕ್ಟರ್ ಕೋಣೆಗೆ ಹೋಗಿ ಸ್ವಿಚ್ ಒತ್ತಿದರೆ ಕೆಳಗೆ ಪರದೆ ಸರಿದು ಸಿನಿಮಾ ಓಡುತ್ತದೆ.

ಇದರಲ್ಲಿ ಯಾವುದೂ ಲೆವೆಲ್ ಗೆಲ್ಲಲು ಬೇಕಿಲ್ಲ, ಮೇಷ್ಟ್ರೇ. ಬೇರೆ ಆಟಗಳ ಗೋಡೆ ಬರೀ ಗೋಡೆ, ಬಾಗಿಲು ಬರೀ ಬಾಗಿಲು. ಇಲ್ಲಿ ಏನು ಮುಟ್ಟಿದರೂ ಏನೋ ಒಂದು ಆಗುತ್ತಿತ್ತು. ಲೈಟಿನ ಸ್ವಿಚ್ ಒತ್ತಿದರೆ ಲೈಟು ಆರುತ್ತಿತ್ತು. ಕಾವಲು ಕ್ಯಾಮೆರಾದ ಪರದೆ ನೋಡಿದರೆ ಮುಂದಿನ ಕೋಣೆಯಲ್ಲಿ ಯಾರಿದ್ದಾರೆಂದು ಆಗಿಂದಾಗಲೇ ಕಾಣುತ್ತಿತ್ತು. ಅವನ ಬಡಾಯಿ ಸಲ್ಲುತ್ತಿದ್ದದ್ದು ಇದರಿಂದ. ಇಡೀ ಊರು ಅವನಿಗೆ ಹೂಂಗುಡುತ್ತಿತ್ತು, ಹಾಗಾಗಿ ಅವನು ಮಾತಾಡಿದರೆ ಚೆನ್ನಾಗಿತ್ತು. ಹೂಂಗುಡುವವರಿಲ್ಲದೆ ಒಬ್ಬನೇ ಬಡಬಡಿಸಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಮಾತುಗಳ ವಿಷಯ. ಬಬಲ್‌ಗಮ್ ಬಗ್ಗೆ ಅವನು ಹೊಡೆಯುವ ಪ್ರಸಿದ್ಧ ಡೈಲಾಗ್ ಸ್ವಂತದ್ದಲ್ಲ, 1988ರ ಒಂದು ಅಮೆರಿಕನ್ ಸಿನಿಮಾದಿಂದ ಎತ್ತಿದ್ದು. ಇನ್ನೂ ಹಲವು ಹೀಗೇ. ಅವನ ಗಂಡಸುತನವೇ ಎರವಲು, ನಾಲ್ಕಾರು ಆ್ಯಕ್ಷನ್ ಹೀರೋಗಳ ಹಳೆಬಟ್ಟೆ ಹೊಲಿದು ಮಾಡಿದ ಅಂಗಿ. 1996ರಲ್ಲಿ ಆಟ ಕಟ್ಟಿದವರಿಗೆ ಇದು ಗೊತ್ತಿತ್ತು, ಆಡಿದವರಿಗೂ ಗೊತ್ತಿತ್ತು.

ಪ್ರಶ್ನೆ: ಡ್ಯೂಕ್‌ನ ದನಿ ಯಾರದ್ದು? ನಿಜವಾಗಿಯೂ ಆ ಮನುಷ್ಯ ಹಾಗೆಯೇ ಮಾತಾಡುತ್ತಾನೆಯೇ?

ಜಾನ್ ಸೇಂಟ್ ಜಾನ್. 1996ರಿಂದ ಅವನ ದನಿ ಎಂದರೆ ಅವರೇ. ಹಾಗೆಯೇ ಮಾತಾಡುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಸೋನಿಕ್ ಆಟಗಳಲ್ಲಿ ಬಿಗ್ ಎಂಬ ದಡೂತಿ ಬೆಕ್ಕಿದೆಯಲ್ಲ, ತನ್ನ ಕಪ್ಪೆ ಕಳೆದುಹೋಯಿತೆಂದು ಗಾಳ ಹಿಡಿದು ಹುಡುಕುವ ಮಂದಬುದ್ಧಿಯ ಪಾಪದ ಬೆಕ್ಕು? 1998ರ 'ಸೋನಿಕ್ ಅಡ್ವೆಂಚರ್'ನಲ್ಲಿ ಅದಕ್ಕೂ ಇವರದ್ದೇ ದನಿ. ಒಂದಾದ ಮೇಲೊಂದು ಕೇಳಿ ನೋಡಿ.

ಪ್ರಶ್ನೆ: 'ಡ್ಯೂಕ್ 3ಡಿ' ಅಸಲಿ ತ್ರೀಡಿಯೇ ಅಲ್ಲ ಅಂತ ನನ್ನ ಮಗ ವಾದಿಸುತ್ತಾನೆ. ಹೆಸರಲ್ಲೇ ಇದೆಯಲ್ಲ! (ಮಗನ ಜತೆ ಪಂದ್ಯ ಕಟ್ಟಿದವರು)

ಪಂದ್ಯ ಸೋತಿರಿ. ಅದು ಕೆನ್ ಸಿಲ್ವರ್‌ಮನ್ ಬರೆದ ಬಿಲ್ಡ್ ಎಂಬ ಎಂಜಿನ್, ಅಂದರೆ ಆಟವನ್ನು ಓಡಿಸುವ ಮೂಲ ತಂತ್ರಾಂಶ. ನಕ್ಷೆ ಚಪ್ಪಟೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಯ ಪ್ಲಾನ್ ಬರೆದ ಹಾಗೆ. ಪ್ರತಿ ಕೋಣೆಗೂ ನೆಲ ಒಂದು, ಸೂರು ಒಂದು, ಅಷ್ಟೇ. ಶತ್ರುಗಳು ನಿಮ್ಮ ಕಡೆಗೇ ಮುಖ ಮಾಡಿ ನಿಲ್ಲುವ ಕಾಗದದ ಬೊಂಬೆಗಳು. ತಲೆ ಎತ್ತಿ ಮೇಲೆ ನೋಡಿದರೆ ಗೋಡೆಯ ಅಂಚುಗಳು ಓರೆಯಾಗಬೇಕು. ಇಲ್ಲಿ ಚಿತ್ರ ಮೇಲೆ ಕೆಳಗೆ ಜಾರುತ್ತದೆಯೇ ಹೊರತು ಅಂಚು ನೆಟ್ಟಗೇ ಇರುತ್ತದೆ.

ಆದರೆ ಕಳ್ಳತನದಲ್ಲೂ ಒಂದು ಕಸುಬಿದೆ, ಮಗನಿಗೆ ಇದನ್ನು ಹೇಳಿ ಸ್ವಲ್ಪ ಮರ್ಯಾದೆ ಉಳಿಸಿಕೊಳ್ಳಿ. ಕೊಳಕ್ಕೆ ಧುಮುಕುತ್ತೀರಿ, ನೀರೊಳಗೆ ಈಜುತ್ತೀರಿ. ನೀರೊಳಗಿನ ಆ ಜಾಗ ಕೊಳದ ಕೆಳಗಿಲ್ಲ! ನಕ್ಷೆಯಲ್ಲಿ ಎಲ್ಲೋ ಮೂಲೆಯಲ್ಲಿ ಅದೇ ಆಕಾರದ ಇನ್ನೊಂದು ಕೋಣೆ ಇದೆ. ನೀವು ಮುಳುಗಿದ ಕ್ಷಣ ಆಟ ನಿಮ್ಮನ್ನು ಎತ್ತಿ ಅಲ್ಲಿ ಹಾಕುತ್ತದೆ. ತಲೆ ಹೊರಹಾಕಿದರೆ ವಾಪಸ್ ತಂದು ಬಿಡುತ್ತದೆ.

ಕನ್ನಡಿಯದ್ದಂತೂ ಇನ್ನೂ ಮಜಾ. ಈ ಲೆವೆಲ್ ಕಟ್ಟುವ ತಂತ್ರಾಂಶವನ್ನು ಆಟದ ಜತೆಗೇ ಕೊಟ್ಟಿದ್ದರು. ಕಾಲೇಜಿನ ದಿನಗಳಲ್ಲಿ ನಾನೂ ಒಂದು ಲೆವೆಲ್ ಕಟ್ಟಲು ಕೂತೆ. ಬಚ್ಚಲು ಕಟ್ಟಿದೆ, ಗೋಡೆಗೆ 560ನೇ ನಂಬರಿನ ಕನ್ನಡಿಯ ಚಿತ್ರ ಅಂಟಿಸಿದೆ, ಆಟ ಓಡಿಸಿದೆ. ಕನ್ನಡಿಯಲ್ಲಿ ಬರೀ ಕಲಸುಮೇಲೋಗರ. ನನ್ನ ಮುಖ ಹಿಂದಿನ ಫ್ರೇಮಿನ ಮೇಲೆ ಫ್ರೇಮು ಬಳಿದುಕೊಂಡು ಉದ್ದಕ್ಕೆ ಹರಿದಿತ್ತು. ಮೂರು ರಾತ್ರಿ ಕಳೆದ ಮೇಲೆ ಗುಟ್ಟು ತಿಳಿಯಿತು: ಕನ್ನಡಿ ಇರುವ ಗೋಡೆಯ ಹಿಂದೆ ಕೋಣೆಯಷ್ಟೇ ದೊಡ್ಡ ಖಾಲಿ ಜಾಗ ಬಿಟ್ಟಿರಬೇಕು. ಅಲ್ಲಿ ಯಾರೂ ಹೋಗುವುದಿಲ್ಲ, ಏನೂ ಇರುವುದಿಲ್ಲ. ಪ್ರತಿಬಿಂಬವನ್ನು ಆಟ ಆ ಖಾಲಿ ಕೋಣೆಯ ಜಾಗದಲ್ಲಿ ಬಿಡಿಸುತ್ತದೆ. ನಾನು ಹಿಂದೆಯೇ ಅಡುಗೆಮನೆ ಕಟ್ಟಿಬಿಟ್ಟಿದ್ದೆ. ಇಡೀ ಅಡುಗೆಮನೆ ಒಡೆದು ಬೇರೆ ಕಡೆ ಕಟ್ಟಿದೆ.

ಪ್ರಶ್ನೆ: ಡೂಮ್ ಆಟದ ಸೈನಿಕನಿಗೂ ಡ್ಯೂಕ್‌ಗೂ ಕುಸ್ತಿ ಬಿದ್ದರೆ ಗೆಲ್ಲುವವರು ಯಾರು?

ಡೂಮ್‌ನವನು ಗೆಲ್ಲುತ್ತಾನೆ. ಗೆದ್ದ ಸುದ್ದಿ ನಮಗೆ ಡ್ಯೂಕ್‌ನಿಂದ ತಿಳಿಯುತ್ತದೆ, ತಾನೇ ಗೆದ್ದೆ ಅಂತ.

ಪ್ರಶ್ನೆ: 'ಡ್ಯೂಕ್ ನ್ಯೂಕೆಮ್ ಫಾರೆವರ್' ಎಂಬ ಮುಂದಿನ ಆಟ ಬರಲು ಹದಿನಾಲ್ಕು ವರ್ಷ ಹಿಡಿಯಿತಂತೆ. ಹದಿನಾಲ್ಕು ವರ್ಷ ಅಂದರೆ ರಾಮನ ವನವಾಸ! ಅಷ್ಟು ಹೊತ್ತು ಏನು ಮಾಡುತ್ತಿದ್ದರು? (ಸಾಫ್ಟ್‌ವೇರ್ ಕೆಲಸದಲ್ಲಿರುವವರು)

ನೀವೇ ಸಾಫ್ಟ್‌ವೇರ್‌ನವರು, ನಿಮಗೆ ನಾನು ಹೇಳಬೇಕೇ? ಮಾಡಿದ್ದನ್ನು ಕೆಡವಿ ಮತ್ತೆ ಮಾಡುತ್ತಿದ್ದರು.

1997ರ ಏಪ್ರಿಲ್‌ನಲ್ಲಿ ಘೋಷಣೆ. ಆಗ ಕ್ವೇಕ್ 2 ಎಂಬ ಬೇರೊಂದು ಆಟದ ಎಂಜಿನ್ ಮೇಲೆ ಕಟ್ಟುತ್ತೇವೆ ಎಂದರು. 1998ರಲ್ಲಿ ಒಂದು ಟ್ರೇಲರ್ ತೋರಿಸಿ ಬಾಯಲ್ಲಿ ನೀರೂರಿಸಿದರು. ಅದಾದ ಬೆನ್ನಿಗೇ ಎಂಜಿನ್ ಬದಲಿಸಿ ಅನ್‌ರಿಯಲ್ ಎಂಬ ಇನ್ನೊಂದಕ್ಕೆ ಹೋದರು. ಕಟ್ಟಿದ್ದರಲ್ಲಿ ಬಹುಪಾಲು ಹೋಯಿತು. 2001ರಲ್ಲಿ ಇನ್ನೊಂದು ಟ್ರೇಲರ್ ಬಂತು, ನೋಡಿದವರೆಲ್ಲ ಇನ್ನೇನು ಬಂದೇಬಿಟ್ಟಿತು ಅಂದುಕೊಂಡರು. ಆಮೇಲೆ ವರ್ಷಗಟ್ಟಲೆ ಮೌನ. ಯಾವಾಗ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: 'ಮುಗಿದಾಗ'. ವೈರ್ಡ್ ಪತ್ರಿಕೆ ಬರೀ ಮಾತಿನಲ್ಲಿರುವ ಸರಕುಗಳಿಗೆ ವರ್ಷವರ್ಷ ಒಂದು ಕುಚೋದ್ಯದ ಪ್ರಶಸ್ತಿ ಕೊಡುತ್ತಿತ್ತು. ಇದಕ್ಕೆ ಕೊಟ್ಟು ಕೊಟ್ಟು ಬೇಸತ್ತು 2003ರಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿಯನ್ನೇ ಕೊಟ್ಟಿತು. ಇದೇ ಅವಧಿಯಲ್ಲಿ ಹಾಫ್-ಲೈಫ್ ಎಂಬ ಆಟ ಬಂದು, ಅದರ ಎರಡನೇ ಭಾಗವೂ ಬಂದು, ಈ ಜಾತಿಯ ಆಟಗಳ ನಡೆಯೇ ಬದಲಾಗಿತ್ತು.

ದುಡ್ಡಿಲ್ಲದೆ ತಡವಾಗಿದ್ದರೆ ಮರುಕ ಪಡಬಹುದಿತ್ತು. ಇಲ್ಲಿ ದುಡ್ಡು ಇದ್ದದ್ದೇ ರೋಗ. ಮೂರನೇ ಆಟದ ಗಳಿಕೆಯಿಂದ ತಾವೇ ಖರ್ಚು ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಮೇಜು ಕುಟ್ಟಿ 'ಇಂಥ ದಿನ ಕೊಡಿ' ಅನ್ನುವ ಧಣಿ ಇರಲಿಲ್ಲ. ತಂಡದ ಮುಖ್ಯಸ್ಥ ಜಾರ್ಜ್ ಬ್ರೂಸಾರ್ಡ್‌ಗೆ ಮಾರುಕಟ್ಟೆಗೆ ಹೊಸದೇನು ಬಂದರೂ ತಮ್ಮ ಆಟದಲ್ಲಿ ಅದಿರಬೇಕು. ಪಕ್ಕದ ಮನೆಯವರು ಬಣ್ಣ ಹೊಡೆಸಿದಾಗೆಲ್ಲ ಅರ್ಧ ಕಟ್ಟಿದ ಗೋಡೆ ಕೆಡವಿದ ಹಾಗೆ. 2009ರ ಮೇ ತಿಂಗಳಲ್ಲಿ ಕೈಯಲ್ಲಿದ್ದದ್ದು ಮುಗಿದು ತಂಡವನ್ನೇ ಮನೆಗೆ ಕಳಿಸಿದರು. ಪ್ರಕಾಶಕರಾದ ಟೇಕ್-ಟೂ ಕೋರ್ಟಿಗೆ ಹೋದರು. ಕೊನೆಗೆ ಗೇರ್‌ಬಾಕ್ಸ್ ಕಂಪನಿ ಹಕ್ಕು ಕೊಂಡು, ಉಳಿದ ಚೂರುಗಳನ್ನು ಜೋಡಿಸಿ 2011ರ ಜೂನ್‌ನಲ್ಲಿ ಆಟ ಹೊರತಂದಿತು.

ಬಂದ ದಿನ ರಜೆ ಹಾಕಿ ಕೂತವರಲ್ಲಿ ನಾನೂ ಒಬ್ಬ. ಮೊದಲ ಗಂಟೆಯಲ್ಲೇ ಕನ್ನಡಿ ಸಿಕ್ಕಿತು. ಓಡಿ ಹೋಗಿ ಎದುರು ನಿಂತೆ. ಡ್ಯೂಕ್ ತನ್ನನ್ನು ಮೆಚ್ಚಿಕೊಂಡ. ಆಮೇಲೆ ಪರದೆಯ ಮೇಲೆ ಒಂದು ಸೂಚನೆ ಮೂಡಿತು: ನಿನ್ನ 'ಈಗೋ' ಹೆಚ್ಚಾಗಿದೆ. ಈ ಆಟದಲ್ಲಿ ಆರೋಗ್ಯದ ಪಟ್ಟಿಗೆ ಅದೇ ಹೆಸರು. ಕನ್ನಡಿ ನೋಡಿದರೆ ಆ ಪಟ್ಟಿ ಉದ್ದವಾಗುತ್ತದೆ. ಭಾರ ಎತ್ತಿದರೂ ಉದ್ದ, ಪಿನ್‌ಬಾಲ್ ಆಡಿದರೂ ಉದ್ದ. ಅಲ್ಲಿಂದ ಮುಂದೆ ಕನ್ನಡಿ ಕಂಡರೆ ನನಗೆ ನಗು ಬರಲಿಲ್ಲ, 'ಇದೊಂದು ಬಾಕಿ' ಅನ್ನಿಸಿತು. 1996ರಲ್ಲಿ ಅದೇ ಕನ್ನಡಿ ಮುಂದೆ ನಿಂತರೆ ಒಂದು ಅಂಕವೂ ಸಿಗುತ್ತಿರಲಿಲ್ಲ, ಆದರೂ ದಿನಕ್ಕೆ ಹತ್ತು ಸಲ ನಿಲ್ಲುತ್ತಿದ್ದೆ.

ಮೊದಲ ಬಾಗಿಲಲ್ಲೇ ಎಡವಿದ ಇನ್ನೊಂದು ಸಂಗತಿ ಬಂದೂಕಿನದ್ದು. ಹತ್ತು ಆಯುಧ ಒಟ್ಟಿಗೆ ಹೊತ್ತು ಓಡಾಡುತ್ತಿದ್ದ ಧೀರ ಈಗ ಎರಡೇ ಹೊರಬಲ್ಲ! ಆ ಕಾಲದ ಬೇರೆ ಆಟಗಳಲ್ಲಿ ಹಾಗಿತ್ತು, ಇಲ್ಲೂ ಹಾಗೇ. ಆಮೇಲೆ ಪಿಸಿಗೆ ಒಂದು ತಿದ್ದುಪಡಿ ಬಂದು ನಾಲ್ಕಾಯಿತು. ಹಾಗಂತ ಎಲ್ಲವೂ ಹಾಳೆನ್ನಲಾರೆ. ಆರಂಭದಲ್ಲಿ ಬಿಳಿ ಬೋರ್ಡಿನ ಮೇಲೆ ನೀವೇ ಪೆನ್ನು ಹಿಡಿದು ಯುದ್ಧತಂತ್ರ ಬರೆಯಬೇಕು. ನಾನು ಒಂದು ಬಾತುಕೋಳಿ ಬಿಡಿಸಿದೆ, ಸೈನಿಕರು ತಲೆದೂಗಿದರು. ಡ್ಯೂಕ್ ಗೊಂಬೆಯಷ್ಟಾಗಿ ಆಟಿಕೆ ಕಾರಿನಲ್ಲಿ ಕ್ಯಾಸಿನೋ ತುಂಬ ಓಡಾಡುವ ಭಾಗವೂ ಖುಷಿ ಕೊಟ್ಟಿತು. ಇವೆರಡರಲ್ಲಿ ಹಳೆಯ ಕೈ ಕಾಣುತ್ತದೆ.

2022ರಲ್ಲಿ ಆ 2001ರ ಕಾಲದ ಅರ್ಧಂಬರ್ಧ ಆಟ ಸೋರಿ ಹೊರಬಂತು. ಟ್ರೇಲರಿನಲ್ಲಿ ತೋರಿಸಿದ ಹಲವು ಜಾಗಗಳಲ್ಲಿ ನಿಜಕ್ಕೂ ಓಡಾಡಬಹುದಿತ್ತು. ಆಗಲೇ ಯಾರಾದರೂ ಮೇಜು ಕುಟ್ಟಿದ್ದರೆ!

ಪ್ರಶ್ನೆ: ನನ್ನ ಹದಿಮೂರು ವರ್ಷದ ಮಗ ಈ ಹಳೆಯ ಆಟ ಬೇಕೆಂದು ಹಟ ಹಿಡಿದಿದ್ದಾನೆ. 'ಚಿಕ್ಕ ಚಿಕ್ಕ ಚೌಕದ ಚಿತ್ರ ಅಮ್ಮಾ, ಏನೂ ಕಾಣಲ್ಲ' ಅನ್ನುತ್ತಾನೆ. ಕೊಡಿಸಬಹುದೇ? (ಒಬ್ಬ ತಾಯಿ)

ಬೇಡ ಅಮ್ಮಾ. ಅಮೆರಿಕದ ಶ್ರೇಣಿಯಲ್ಲಿ ಇದು ಹದಿನೇಳು ದಾಟಿದವರಿಗೆ ಮಾತ್ರ. ಏನೂ ಕಾಣಲ್ಲ ಅನ್ನುವ ಮಗನಿಗೆ ಎಲ್ಲ ಕಾಣುತ್ತದೆ, ಅದಕ್ಕೇ ಹಟ.

ರಕ್ತದ ವಿಷಯ ಬಿಡಿ. ನನಗೆ ಚುಚ್ಚುವುದು ಹೆಂಗಸರನ್ನು ತೋರಿಸಿದ ರೀತಿ. 1996ರ ಆಟದಲ್ಲಿ ಹೆಂಗಸರೆಂದರೆ ಎರಡೇ ಬಗೆ: ದುಡ್ಡು ಕೊಟ್ಟರೆ ಕುಣಿಯುವವರು, ಅನ್ಯಗ್ರಹದವರ ಕಟ್ಟಿನಲ್ಲಿ ಸಿಕ್ಕಿ 'ನನ್ನನ್ನು ಕೊಂದುಬಿಡು' ಎಂದು ನರಳುವವರು. ತಯಾರಕರಿಗೂ ಅಳುಕಿತ್ತೇನೋ, ಪಾಸ್‌ವರ್ಡ್ ಹಾಕಿ ಇವನ್ನೆಲ್ಲ ಮರೆಮಾಡುವ ಬೀಗವೊಂದನ್ನು ಆಟದಲ್ಲೇ ಇಟ್ಟಿದ್ದರು. 2011ರಲ್ಲಿ ಅಳುಕೂ ಹೋಗಿತ್ತು. ಅನ್ಯಗ್ರಹದವರ ಗೂಡಿನ ಭಾಗದಲ್ಲಿ ಸಾಯುತ್ತಿರುವ ಹೆಂಗಸರ ನಡುವೆ ಡ್ಯೂಕ್ ಜೋಕು ಹೊಡೆಯುತ್ತಾ ನಡೆಯುತ್ತಾನೆ. ನಾನು ಆಟ ನಿಲ್ಲಿಸಿ ಎದ್ದುಹೋದದ್ದು ಅಲ್ಲಿಯೇ. 'ಆ ಕಾಲ ಹಾಗಿತ್ತು' ಎಂದು ನನ್ನ ವಯಸ್ಸಿನವರು ಸಮಜಾಯಿಷಿ ಕೊಡುತ್ತಾರೆ. ಆ ಕಾಲದಲ್ಲೂ ಅದು ಕೆಟ್ಟದಾಗಿಯೇ ಇತ್ತು. ಇಪ್ಪತ್ತು ವರ್ಷದ ನಾನು ಕಣ್ಣು ತಪ್ಪಿಸಿ ಸ್ವಿಚ್ ಹುಡುಕುತ್ತಿದ್ದೆ, ಅಷ್ಟೇ.

ಮಗನಿಗೆ 1991ರ ಮೊದಲ ಆಟ ಕೊಡಿ. ಗುಲಾಬಿ ಬನಿಯನ್ ನೋಡಿ ನಗಲಿ.

ಪ್ರಶ್ನೆ: ಅಮರನಾಗುವ ಚೀಟ್ ಕೋಡ್ 'ಡಿಎನ್‌ಕ್ರೋಜ್' ಇನ್ನೂ ನೆನಪಿದೆ. ಕ್ರೋಜ್ ಅಂದರೇನು?

ಅಪೋಜಿ ಸ್ಥಾಪಿಸಿದ ಸ್ಕಾಟ್ ಮಿಲ್ಲರ್ 1987ರಲ್ಲಿ ಒಬ್ಬರೇ ಬರೆದ ಆಟದ ಹೆಸರು. ಅದರಲ್ಲಿ ಚಿತ್ರವೇ ಇಲ್ಲ, ಎಲ್ಲವೂ ಕೀಬೋರ್ಡಿನ ಅಕ್ಷರ, ಚಿಹ್ನೆಗಳು. ಮೊದಲ ಭಾಗ ಉಚಿತ, ಮಿಕ್ಕದ್ದಕ್ಕೆ ಹಣ ಎಂಬ ಉಪಾಯ ಶುರುವಾದದ್ದು ಅದರಿಂದಲೇ. ಮನೆದೇವರನ್ನು ನೆನೆದರೆ ಸಾವಿಲ್ಲ ಅಂತಿರಬೇಕು.

ಪ್ರಶ್ನೆ: ನೀವು ಕಟ್ಟಿದ ಲೆವೆಲ್ ಬಗ್ಗೆ ಹಿಂದೆಯೂ ಒಮ್ಮೆ ಬರೆದಿದ್ದಿರಿ. ಅದು ಈಗಲೂ ಇದೆಯೇ, ಇಲ್ಲಾ ನೀವೂ ಡ್ಯೂಕ್‌ನ ಹಾಗೆ ಕೊಚ್ಚುತ್ತಿದ್ದೀರೋ? (ಬಹುಕಾಲದ ಓದುಗ)

ಇದೆ, ಸ್ವಾಮಿ. ಈ ಅಂಕಣ ಬರೆಯುವ ಮುಂಚೆ ಹುಡುಕಿ ತೆಗೆದೆ. 2003ರ ಏಪ್ರಿಲ್ ಒಂದರಂದು ಆಟದ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು (ದಿನ ನೋಡಿ ಯಾರೂ ಮೊದಲು ನಂಬಲಿಲ್ಲ). ಅದರಿಂದ ಅಭಿಮಾನಿಗಳು ಮಾಡಿದ ಇಡ್ಯೂಕ್32 ಇಂದಿನ ಕಂಪ್ಯೂಟರಿನಲ್ಲೂ ಓಡುತ್ತದೆ. ಹಳೆಯ ಫೋಲ್ಡರನ್ನು ಹಾಗೆಯೇ ಅದರೊಳಗೆ ಹಾಕಿದೆ.

ಫೋಲ್ಡರಿನಲ್ಲಿ ಲೆವೆಲ್ ಜತೆಗೆ ಇನ್ನೇನಿತ್ತೆಂಬುದು ಮರೆತೇಹೋಗಿತ್ತು. ಈ ಆಟದಲ್ಲಿ ಒಂದು ಉದಾರತನವಿದೆ: ಚಿತ್ರ, ಶಬ್ದ ಎಲ್ಲವೂ ಒಂದು ದೊಡ್ಡ ಕಡತದೊಳಗೆ ಇರುತ್ತವೆ, ಆದರೆ ಅದೇ ಹೆಸರಿನ ಬಿಡಿ ಕಡತವೊಂದು ಪಕ್ಕದಲ್ಲಿದ್ದರೆ ಆಟ ಮೊದಲು ಅದನ್ನೇ ಎತ್ತಿಕೊಳ್ಳುತ್ತದೆ. ಶತ್ರುವಿನ ಬಲವನ್ನೂ ಸಾದಾ ಪಠ್ಯ ಕಡತದಲ್ಲಿ ತಿದ್ದಬಹುದು. ಹಂದಿ ಮೋರೆಯ ಪೊಲೀಸನಿಗೆ ನೂರು ಅಂತ ಇದ್ದದ್ದನ್ನು ನಾನು ಒಂದು ಮಾಡಿಟ್ಟಿದ್ದೆ, ಬೂಟುಗಾಲಲ್ಲಿ ಒದ್ದರೆ ಢಮಾರ್. ಆಗ ಒಂದು ರಾತ್ರಿ ಗೆಳೆಯನೂ ನಾನೂ ಮೈಕ್ ಹಿಡಿದು ಡ್ಯೂಕ್‌ನ ಒಂದಿಷ್ಟು ಮಾತುಗಳ ಬದಲು ನಮ್ಮ ದನಿಯಲ್ಲಿ ಕನ್ನಡದ ಮಾತು ತುಂಬಿದ್ದೆವು.

ಅದು ಮರೆತಿದ್ದ ನಾನು ಬಚ್ಚಲಿಗೆ ಹೋಗಿ, ಮೂರು ರಾತ್ರಿ ಕಳೆದಿದ್ದ ಆ ಕನ್ನಡಿಯ ಎದುರು ನಿಂತು ಸ್ಪೇಸ್ ಒತ್ತಿದೆ. ಸರಿಯಾಗಿಯೇ ಕಾಣುತ್ತಿದೆ, ಕೆಂಪು ಬನಿಯನ್, ಕಪ್ಪು ಕನ್ನಡಕ, ಇಷ್ಟಗಲ ಭುಜ. ಅಂಥ ದೇಹದಿಂದ ಮೀಸೆ ಸರಿಯಾಗಿ ಬಾರದ ಹುಡುಗನ ಕೀಚಲು ದನಿ ಬಂತು: 'ಎಷ್ಟು ಚಂದ ಇದೀನಪ್ಪಾ!' ಹಿಂದೆ ಗೆಳೆಯ ನಗು ತಡೆಯುವುದು ಸಹ ದಾಖಲಾಗಿದೆ.

ಅಡುಗೆಮನೆಯ ಬಾಗಿಲೊಂದು ಈಗಲೂ ಉಲ್ಟಾ ತೆರೆದುಕೊಂಡು ಗೋಡೆಯೊಳಗೆ ಹೋಗುತ್ತದೆ. ಲೆವೆಲ್ ಕಟ್ಟುವಾಗ ಆ ಬಾಗಿಲನ್ನು ತಿರುಗಿಸಲು ಇಡುವ ಗುರುತಿನ ಬಾಣ ಮೇಲ್ಮುಖ ಇರಬೇಕೋ ಕೆಳಮುಖವೋ ನನಗೆ ಆಗಲೂ ನೆನಪಿರುತ್ತಿರಲಿಲ್ಲ. ಗೊತ್ತಿದ್ದ ಓದುಗರು ಬರೆದು ತಿಳಿಸಿ.